ಕರ್ಣದ ಅಳತೆ

"ಬೆಳಿಗ್ಗೆಯಿಂದ ನನ್ನ ಅಂಗಡಿ ಕಡೆನೇ ನೋಡ್ತಾ ಇದ್ದೀರಿ," ಎಂದಳು ಗಾಜಿನಂಗಡಿಯವಳು.

"ನಿಮ್ಮನ್ನಲ್ಲ, ಗಾಜನ್ನ," ಎಂದ ಬಡಗಿ.

"ಗಾಜಿನಾಚೆ ಇರೋದು ನಾನೇ ಅಲ್ವಾ?"

ಅವನು ಕಿಟಕಿಯ ಚೌಕಟ್ಟು ಮಾಡುತ್ತಿದ್ದ. ಎದುರಂಗಡಿಯಲ್ಲಿ ಅವಳು ಅದಕ್ಕೆ ಗಾಜು ಕೊಯ್ಯುತ್ತಿದ್ದಳು. ಮದುವೆಯ ಮಾತನ್ನು ಅವನೇ ಎತ್ತಲಿ ಎಂದು ಅವಳಿಗೆ ಆಸೆ. ಅವನಿಗೋ ಕಣ್ಣು ಮಂಜಾಗುತ್ತಿತ್ತು. ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಶಾಲೆಯ ಹೆಡ್‌ಮೇಡಂ ಬಂದರು. "ನೀವು ಶಾಲೆಗೆ ಮಾಡಿಕೊಟ್ಟ ಕಿಟಕಿ ತೋರಿಸಿಯೇ ನಾನು ಮಕ್ಕಳಿಗೆ ಸರ್ವಸಮ ಆಯತ ಅಂತ ಪಾಠ ಮಾಡೋದು. ಈಗ ತೊಳೆಯೋಕೆ ಬಿಚ್ಚಿ ನೋಡಿದ್ರೆ ಒಂದರ ಗಾಜು ಇನ್ನೊಂದಕ್ಕೆ ಕೂರ್ತಾನೇ ಇಲ್ಲ."

ಅವನು ಶಾಲೆಗೆ ಹೋಗಿ ಅಳೆದ. ಎದುರುಬದುರು ಬದಿಗಳು ಸಮವಾಗಿದ್ದವು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು, ಅಂಕಿಗಳನ್ನು ಕಣ್ಣಿನ ಹತ್ತಿರ ತಂದು ಓದಿದ. ಎರಡು ಕರ್ಣಗಳು ಬೇರೆ ಬೇರೆ. ಆಯತ ಎಂದುಕೊಂಡಿದ್ದೆಲ್ಲ ಓರೆ, ಅದೂ ಒಂದೊಂದು ಒಂದೊಂದು ಥರ. ಆದರೂ ಪ್ರತಿ ಗಾಜೂ ತನ್ನ ಚೌಕಟ್ಟಿನಲ್ಲಿ ಕೂದಲೆಳೆ ಸಂದಿಲ್ಲದೆ ಕೂತಿತ್ತು.

ಅವನು ಸೀದಾ ಅವಳ ಅಂಗಡಿಗೆ ಬಂದ. "ಯಾವಾಗಿಂದ ಗೊತ್ತು?"

ಅವಳು ಕಟರ್ ಕೆಳಗಿಟ್ಟಳು. "ನನ್ನ ಹೊಸ ಕಿವಿಯೋಲೆ ನಿಮಗೆ ಕಾಣಿಸದೇ ಹೋದಾಗಿಂದ."

"ಹೇಳಬಾರದಿತ್ತಾ?"

"ನೀವೇ ಹೇಳ್ತೀರಿ ಅಂತ ಕಾದೆ. ಚೌಕಟ್ಟು ಎಷ್ಟು ಓರೆಯಾದ್ರೂ ಹೊಂದಿಸ್ಕೊಂಡು ಕೊಯ್ತೀನಿ. ಮದುವೆ ಆಗೋಣ."

"ಬದುಕಿಡೀ ಹೀಗೇ ಹೊಂದಿಸ್ಕೊಂಡು ಇರ್ತೀಯಾ? ಬೇಡ. ಅಕ್ಕ ತನ್ನೂರಿಗೆ ಕರೀತಿದ್ದಾಳೆ, ಅಲ್ಲಿಗೆ ಹೋಗ್ತೀನಿ."

ಮೊದಲ ಸಲ ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದ. ಅದೂ ಬೇಡ ಎನ್ನುವುದಕ್ಕೆ.

ಶಾಲೆಯ ಕಿಟಕಿಗಳನ್ನು ಹಾಗೇ ಬಿಟ್ಟುಹೋಗಲು ಅವನಿಗೆ ಮನಸ್ಸಾಗಲಿಲ್ಲ. ಇಬ್ಬರೂ ಸೇರಿ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಅವಳು ಕರ್ಣ ಅಳೆದು ಹೇಳುವಳು, ಅವನು ಉದ್ದವಿದ್ದ ಕಡೆಯ ಮೂಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವನು. ಅವನು ಊರು ಬಿಡುವ ಸಂಜೆ ಕೊನೆಯ ಚೌಕಟ್ಟು ಉಳಿದಿತ್ತು.

"ಸಮ ಆಯ್ತಾ?"

ಆಗಿತ್ತು. ಅವಳು, "ಇನ್ನೂ ಸ್ವಲ್ಪ ವ್ಯತ್ಯಾಸ ಇದೆ," ಎಂದಳು.

ಅವನು ಮೂಲೆಯನ್ನು ಸವರಿದ. ನೆಟ್ಟಗಿದೆಯೆಂದು ಬೆರಳಿಗೆ ಗೊತ್ತಾಯಿತು. ಸುತ್ತಿಗೆಯಿಂದ ಪಕ್ಕದ ಮೇಜಿಗೆ ತಟ್ಟಿದ.

"ಈಗ?"

"ಇನ್ನೂ ಸ್ವಲ್ಪ." ಅವಳು ಮತ್ತೆ ಟೇಪ್ ಹಿಡಿದಳು.

ಬಸ್ಸು ಹೊರಡುವ ಹೊತ್ತು ದಾಟುವವರೆಗೂ ಅವನು ಮೇಜಿಗೇ ತಟ್ಟುತ್ತಿದ್ದ, ಅವಳು ಸಮವಿದ್ದ ಕರ್ಣಗಳನ್ನೇ ಅಳೆಯುತ್ತಿದ್ದಳು.

ಮರುದಿನ ಮಾಡಲು ಕೆಲಸ ಉಳಿದಿರಲಿಲ್ಲ. ಬೆಳಗಿನ ಬಸ್ಸಿಗೆ ಅವನು ಹೊರಟುಹೋದ.