ಬಾಗಿಲ ಹಿಂದಿನ ಸ್ವಿಚ್ಚು

ಖುಜಂದ್‌ನ ನಮ್ಮ ಮನೆಯಲ್ಲಿ ಮಾವನ ಕೋಣೆಯ ಸ್ವಿಚ್ಚು ಬಾಗಿಲ ಹಿಂದಿತ್ತು. ಒಳಗೆ ಹೋಗಿ ಬಾಗಿಲು ಮುಚ್ಚಿದರಷ್ಟೇ ಕೈಗೆ ಸಿಗುತ್ತಿತ್ತು. ಮಾವ ತೀರಿಕೊಂಡ ಮೇಲೆ, ಪದ್ಧತಿಯಂತೆ ನಲವತ್ತು ರಾತ್ರಿ ಅಲ್ಲಿ ದೀಪ ಉರಿಯಬೇಕಿತ್ತು. ದಿನಾ ಹಾಕಲು ಸುಲಭವಾಗಲೆಂದು ನನ್ನ ಗಂಡ ದಿಲ್ಶೋದ್ ಹಳೆಯ ಸ್ವಿಚ್ಚನ್ನು ತಂತಿ ಸಮೇತ ಕಿತ್ತು, ಗೋಡೆಯ ತೂತಿಗೆ ಗಾರೆ ಮೆತ್ತಿ, ಹೊಸದನ್ನು ಹೊರಗೆ ಹಜಾರದಲ್ಲಿ ಕೂರಿಸಿದ.

ಅಂದು ಮುಸ್ಸಂಜೆ ದೀಪ ಹಾಕಿ ಹಜಾರದಲ್ಲೇ ಚಹಾ ಕುಡಿಯುತ್ತಿದ್ದೆವು. ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಒಳಗೆ ಟಕ್ ಎಂದಿತು. ಬಾಗಿಲ ಸಂದಿನ ಬೆಳಕು ಹೋಯಿತು.

"ಕರೆಂಟ್ ದಂಡ ಅಂತ ಅಪ್ಪನೇ ಆರಿಸಿರ್ಬೇಕು," ಎಂದು ನಾದಿನಿ ಮವ್ಜುನಾ ನಕ್ಕಳು.

"ಸುಮ್ನಿರೇ. ಬಲ್ಬ್ ಹೋಗಿರುತ್ತೆ," ಎಂದ ದಿಲ್ಶೋದ್.

ಹೊಸ ಸ್ವಿಚ್ಚು ಹಾಕಿದಂತೆಯೇ ಇತ್ತು. ನಾನು ಒಳಹೊಕ್ಕು ಬಾಗಿಲು ಮುಚ್ಚಿ, ಅದರ ಹಿಂದಿನ ಗೋಡೆ ತಡವಿದೆ. ಹಸಿ ಗಾರೆಯಲ್ಲಿ ಹೆಬ್ಬೆರಳಿನ ಗುಳಿ ಬಿದ್ದಿತ್ತು, ಬೆಚ್ಚಗಿತ್ತು. ಏನನಿಸಿತೋ, ಅದರೊಳಗೆ ನನ್ನ ಬೆರಳಿಟ್ಟು ಒತ್ತಿದೆ.

ದೀಪ ಹತ್ತಿತು.