ಬೆಲ್ಟ್ ಹಾಕಿ ಆಯ್ತಲ್ಲ!

"ಬೆಲ್ಟ್ ಹಾಕಿ ಆಯ್ತಲ್ಲಮ್ಮ! ಇನ್ನೆಂತ ಬಾಕಿ?" ಮೇಘನ ಕಾರಿನ ಕೀ ಹಿಡಿದು ಕುಣಿಸಿದಳು.

"ಕೀ ಅಲ್ಲಿಡು ಮಾರಾಯ್ತಿ. ಮೊದ್ಲು ಇಂಜಿನ್ನನ್ನ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡ್ಬೇಕು," ಎಂದಳು ಅಮ್ಮ ಶ್ರೀವಿದ್ಯಾ, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಮೇಘನಳಿಗೆ ತಲೆ ಚಿಟ್ಟು ಹಿಡಿಯಿತು. ಬೆಳಿಗ್ಗೆಯಿಂದ ಇದೇ ರಾಗ! ಇಂಜಿನ್ನಿನ ಟೈಮಿಂಗ್ ಬೆಲ್ಟ್ ಬಿರುಕು ಬಿಟ್ಟಿದೆ, ಮನೆಯಲ್ಲೇ ಬದಲಿಸಿದರಾಯಿತು, ತಿಂಡಿ ಹೊತ್ತಿಗೆ ಮುಗಿಯುತ್ತದೆ ಎಂದಿದ್ದಳು ಅಮ್ಮ. ತಿಂಡಿಯೂ ಆಯಿತು, ತಟ್ಟೆ ತೊಳೆದೂ ಆಯಿತು. "ಬಸ್ಸೆಂತಕ್ಕೆ? ಕೊಪ್ಪಕ್ಕೆ ನಾನೇ ಕಾರಲ್ಲಿ ಬಿಡ್ತೀನಿ," ಎಂದು ದೊಡ್ಡ ಮಾತಾಡಿದವಳೂ ಅವಳೇ. ಈಗ ಜಯಪುರದಿಂದ ಬಸ್ಸು ಹಿಡಿದರೂ ಕೊಪ್ಪದ ಕ್ವಿಜ್ ಸ್ಪರ್ಧೆಯ ಹೊತ್ತಿಗೆ ಮುಟ್ಟುವ ಹಾಗಿರಲಿಲ್ಲ.

ಫೋನ್ ಬಂತು. ಅವಳ ಟೀಮಿನ ತಸ್ಮಿಯಾ. "ಎಲ್ಲಿದೀಯೇ? ಹೆಸ್ರು ಕೊಡ್ಬೇಕಂತೆ. ನೀನು ಬರ್ದೇ ಇದ್ರೆ ನಿನ್ನ ಬದ್ಲು ಶಿಶಿರನ್ನ ಸೇರಿಸ್ಕೊ ಅಂತಿದಾರೆ ಮಿಸ್."

"ಬೇಡ! ಹೊರಟೇಬಿಟ್ವಿ!" ಎಂದು ಸುಳ್ಳು ಹೇಳಿದ ಮೇಘನ ಅಮ್ಮನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡಳು. "ಕೊಡಿಲ್ಲಿ. ನಾನೇ ತಿರುಗಿಸ್ತೀನಿ."

"ತಗೋ, ತಿರುಗ್ಸು! ಆದ್ರೆ ಎಲ್ಲಾದ್ರೂ ಗಟ್ಟಿ ಆದ್ರೆ ಒತ್ಬೇಡ." ಅಮ್ಮನಿಗೂ ಸಾಕಾಗಿಹೋಗಿತ್ತು.

ಅರ್ಧ ಸುತ್ತು ಸಲೀಸಾಗಿ ಬಂತು. ಆಮೇಲೆ ಟಕ್! ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದು ಮೇಘನಳ ಮಣಿಕಟ್ಟಿನವರೆಗೂ ಗೊತ್ತಾಯಿತು. ಅವಳು ಗಾಬರಿಯಿಂದ ಕೈಬಿಟ್ಟಳು.

"ಅಮ್ಮಾ, ಎಂತದೋ ಅಡ್ಡ ಸಿಕ್ತು."

ಅಮ್ಮ ಬಗ್ಗಿ ನೋಡಿದಳು. "ಥತ್! ಮೇಲಿನ ಚಕ್ರದ ಗುರುತು ಸರಿದಿದೆ. ಬೆಲ್ಟ್ ಹಾಕುವಾಗ ಜಾರಿರ್ಬೇಕು. ವಾಲ್ವ್ ಹೋಗಿ ಪಿಸ್ಟನ್ನಿಗೆ ತಾಗ್ತಿದೆ."

"ಕೀ ತಿರುಗಿಸಿದ್ರೆ?"

"ವಾಲ್ವೆಲ್ಲ ಬಗ್ಗಿ ಇಂಜಿನ್ ಕತೆ ಮುಗೀತಿತ್ತು." ಅಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. "ಮತ್ತೆ ಬಿಚ್ಬೇಕು. ನನ್ನದೇ ತಪ್ಪು ಪುಟ್ಟಿ. ನಿನ್ನ ಕ್ವಿಜ್ಜು..."

ಮೇಘನಳಿಗೆ ಕಿರುಚಬೇಕೆನಿಸಿತು. ರಾಜಧಾನಿ, ನದಿ, ಪರ್ವತ ಅಂತ ಬಾಯಿಪಾಠ ಮಾಡಿದ್ದೆಲ್ಲ ನೀರುಪಾಲು! ಆದರೆ ಆ ಟಕ್ ಇನ್ನೂ ಅವಳ ಕೈಯಲ್ಲೇ ಇತ್ತು.

ಮತ್ತೆ ಫೋನ್. "ಎಲ್ಲಿವರೆಗೆ ಬಂದ್ರಿ?"

"ಮನೇಲೇ ಇದೀವಿ ಕಣೇ. ಶಿಶಿರನ ಹೆಸ್ರು ಕೊಡು," ಎಂದಳು ಮೇಘನ ಮೂಗೊರೆಸಿಕೊಂಡು. "ನದಿ ಪ್ರಶ್ನೆ ಬಂದ್ರೆ ಮಾತ್ರ ಅವನಿಗೆ ಬಿಡ್ಬೇಡ. ನೀನೇ ಹೇಳು."

ಫೋನಿಟ್ಟು ಅವಳು ಬಾನೆಟ್ಟಿನ ಹತ್ತಿರ ಬಂದಳು. ಮುಖ ಇನ್ನೂ ಊದಿಕೊಂಡೇ ಇತ್ತು.

"ಏಳಮ್ಮ. ಮೊದ್ಲು ಯಾವ ಬೋಲ್ಟ್ ಬಿಚ್ಚೋದು?"