ನಲವತ್ತನೆಯ ಕೌದಿ

ಅನಾಥಾಶ್ರಮದ ಮಕ್ಕಳಿಗೆ ಸಂಜೆಯೊಳಗೆ ನಲವತ್ತು ಕೌದಿ ಕೊಡುತ್ತೇವೆಂದು ಮಾತು ಕೊಟ್ಟಿದ್ದೆವು. ದಾನವಾಗಿ ಬಂದ ತುಂಡುಬಟ್ಟೆಗಳಲ್ಲಿ ನಾನೂ ಅತ್ತಿಗೆಯೂ ಮೂವತ್ತೊಂಬತ್ತು ಹೊಲಿದಿದ್ದೆವು. ಕೊನೆಯದರ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋದೆವು.

ಮರಳಿ ಬಂದಾಗ ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಕೋಣೆಯೊಳಗೆ ಚಳಿ ಕೊರೆಯುತ್ತಿತ್ತು. ಕೌದಿ ಪೂರ್ತಿ ಹೊಲಿದು ಮುಗಿದಿತ್ತು. ಪಕ್ಕದಲ್ಲಿದ್ದ ಸೂಜಿ ಬೆರಳು ಸುಡುವಷ್ಟು ಬಿಸಿಯಾಗಿತ್ತು.

"ಅತ್ತಿಗೆ, ನೀವು ಹೊಲಿದ್ರಾ?"

"ನಿನ್ನ ಜೊತೆಗೇ ಊಟ ಮಾಡ್ತಿದ್ನಲ್ಲೇ!"

ನಾನು ಬಾಗಿಲ ಹಿಂದೆ, ಮೇಜಿನ ಕೆಳಗೆಲ್ಲ ಹುಡುಕಿದೆ. ಅತ್ತಿಗೆ ಮಾತ್ರ ಕೌದಿ ಮಡಚಿ, "ಯಾರಾದ್ರೂ ಆಗ್ಲಿ, ಪುಣ್ಯಾತ್ಗಿತ್ತಿ! ನಡಿ, ಗೆದ್ವಿ," ಎಂದರು.

ಸಂಜೆ ನಲವತ್ತು ಮಕ್ಕಳೂ ಕೌದಿ ಹೊದ್ದು ಅಂಗಳದ ತುಂಬ ಕುಣಿದರು. ನಾವೂ ವಯಸ್ಸು ಮರೆತು ಕುಣಿದೆವು. ಆ ನಲವತ್ತನೆಯ ಕೌದಿ ಹೊದ್ದ ಹುಡುಗಿ ಓಡಿಬಂದು ನನ್ನನ್ನು ತಬ್ಬಿಕೊಂಡಾಗ ಹೊಲಿಗೆಯನ್ನು ಹತ್ತಿರದಿಂದ ನೋಡಿದೆ. ದಾರ ಕೆಂಪಗಿತ್ತು. ನಮ್ಮ ಹತ್ತಿರ ಇದ್ದದ್ದು ಬಿಳಿ ದಾರ ಮಾತ್ರ.